ಬೈ ಎಂದು ಹೇಳಿಕೊಂಡಿದ್ದೇ ಒಪ್ಪಿಗೆಯಾಯಿತೇ?

ಪ್ರಶ್ನೆ: ನನಗೆ 28 ವರ್ಷ. ಗಂಡಸರು, ಹೆಂಗಸರು ಇಬ್ಬರ ಮೇಲೂ ನನಗೆ ಆಕರ್ಷಣೆ ಇದೆ, ಅಂದರೆ ನಾನು ಬೈಸೆಕ್ಶುಯಲ್ (ಬೈ) ಅನ್ನುವುದು ಹದಿನೇಳನೇ ವಯಸ್ಸಿಗೇ ಗೊತ್ತಾಗಿತ್ತು. ಹಿಂದಿನ ಸಂಗಾತಿಗೆ ನಂಬಿಕೆಯಿಂದ ಇದನ್ನು ಹೇಳಿದ್ದೆ. ಮೊದಲು ಸುಮ್ಮನಿದ್ದ. ಆಮೇಲೆ ಇನ್ನೊಬ್ಬ ಹೆಂಗಸನ್ನೂ ಕರೆಯೋಣ ಎಂದು ಪೀಡಿಸತೊಡಗಿದ. ಬೇಡ ಎಂದಾಗಲೆಲ್ಲ ‘ನೀನು ಬೈ ಅಲ್ವಾ, ನಿನಗೇನು ತೊಂದರೆ?’ ಅನ್ನುತ್ತಿದ್ದ. ಎರಡು ವರ್ಷದ ಹಿಂದೆ ಒಂದು ರಾತ್ರಿ ನನಗೆ ಹೇಳದೆ ಒಬ್ಬಳನ್ನು ಕರೆತಂದ. ಅವತ್ತು ಅವರಿಬ್ಬರೂ ಮಾಡಿದ್ದು ಯಾವುದೂ ನನಗೆ ಬೇಕಿರಲಿಲ್ಲ. ಆದರೆ ನಾನು ಕೂಗಲಿಲ್ಲ, ತಳ್ಳಲಿಲ್ಲ. ಮೈ ಮರಗಟ್ಟಿ ಹೋಗಿತ್ತು. ಕೌನ್ಸೆಲರ್ ಹತ್ತಿರ ಹೋದೆ. ಅವರು ‘ಈ ಗೊಂದಲ ಯಾವಾಗ ಶುರುವಾಯಿತು, ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ?’ ಎಂದು ಅದನ್ನೇ ಕೆದಕಿದರು. ಲೆಸ್ಬಿಯನ್ (ಹೆಂಗಸರತ್ತ ಮಾತ್ರ ಆಕರ್ಷಿತರಾಗುವ) ಗೆಳತಿಯರಿಗೆ ಹೇಳಿದರೆ, ‘ಗಂಡಸರ ಸಹವಾಸ ಮಾಡಿದರೆ ಇನ್ನೇನಾಗುತ್ತೆ’ ಎಂದರು. ಈಗ ಗಂಡಸರು ಹತ್ತಿರ ಬಂದರೆ ಉಸಿರು ಕಟ್ಟುತ್ತದೆ. ಹೆಂಗಸರು ಮುಟ್ಟಿದರೂ ಬೆಚ್ಚುತ್ತೇನೆ. ನಾನು ನಿಜವಾಗಿ ಬೈಸೆಕ್ಶುಯಲ್ಲೇ ಅಥವಾ ನನ್ನ ತಲೆಯೇ ಕೆಟ್ಟಿದೆಯೇ? ನಾನೇ ಹೇಳಿಕೊಂಡಿದ್ದಕ್ಕೆ ಹೀಗಾಯಿತೇ? ಬೇರೆ ಕೌನ್ಸೆಲರ್‌ಗೆ ಈ ವಿಷಯ ಹೇಳಬೇಕೇ, ಮುಚ್ಚಿಡಬೇಕೇ? ಒಮ್ಮೊಮ್ಮೆ ಬೆಳಗ್ಗೆ ಏಳಲೇಬಾರದು ಅನ್ನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದು ಸ್ವಲ್ಪ ಕಾಯಬಹುದು, ಇದು ಕಾಯಬಾರದು.

ಬೆಳಗ್ಗೆ ಏಳಲೇಬಾರದು ಅನ್ನುವ ಯೋಚನೆ ಇಂಥ ಹಿಂಸೆ ಕಂಡ ಅನೇಕರಿಗೆ ಬರುತ್ತದೆ. ಬಂದ ಮಾತ್ರಕ್ಕೆ ನೀವು ಏನೋ ಮಾಡಿಕೊಂಡುಬಿಡುತ್ತೀರಿ ಎಂದಲ್ಲ. ಆದರೆ ಅದು ‘ಹೇಗೆ, ಯಾವಾಗ’ ಎಂಬ ಕಡೆಗೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಆತ್ಮಹತ್ಯೆ ತಡೆ ಸಹಾಯವಾಣಿಗೆ ಫೋನ್ ಮಾಡಿ. ಒಬ್ಬರೇ ಇರಬೇಡಿ. ಅಲ್ಲಿ ಇಡೀ ಕಥೆ ಹೇಳಬೇಕಿಲ್ಲ, ನೀವು ಯಾರಿಗೆ ಆಕರ್ಷಿತರಾಗುತ್ತೀರಿ ಎಂದೂ ಹೇಳಬೇಕಿಲ್ಲ. ‘ಬದುಕಿರಬೇಕು ಅನ್ನಿಸುತ್ತಿಲ್ಲ, ಸಹಾಯ ಬೇಕು’ ಎಂದರೆ ಸಾಕು.

ಈಗ ಆ ರಾತ್ರಿಯ ವಿಷಯ. ನೀವು ಪತ್ರದಲ್ಲಿ ಎಲ್ಲೂ ‘ಲೈಂಗಿಕ ಹಿಂಸೆ’ ಎಂಬ ಮಾತು ಬಳಸಿಲ್ಲ. ‘ಅವರು ಮಾಡಿದ್ದು’ ಎಂದಷ್ಟೇ ಬರೆದಿದ್ದೀರಿ. ಆದ್ದರಿಂದ ನಾನು ಹೇಳುತ್ತೇನೆ: ಆಗಿದ್ದು ಲೈಂಗಿಕ ಹಿಂಸೆ. ನೀವು ಬೇಡ ಎಂದು ಮೊದಲೇ ಹಲವು ಸಲ ಹೇಳಿದ್ದಿರಿ. ಅದು ಗೊತ್ತಿದ್ದೇ ಅವನು ನಿಮಗೆ ತಿಳಿಸದೆ ಇನ್ನೊಬ್ಬಳನ್ನು ಕರೆತಂದ. ಬೇಡ ಅನ್ನಲು ಜಾಗವೇ ಇಲ್ಲದ ಹಾಗೆ ಮಾಡಿ ಪಡೆದದ್ದನ್ನು ಒಪ್ಪಿಗೆ ಎಂದು ಯಾರೂ ಕರೆಯಲಾಗದು. ಆ ಹೆಂಗಸಿನ ಪಾಲೂ ಚಿಕ್ಕದಲ್ಲ. ‘ಹೆಂಗಸು ತಾನೆ, ಅದೇನು ಹಿಂಸೆ’ ಎಂದು ಬಹಳ ಜನ ತೇಲಿಸಿಬಿಡುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಮೈ ಮುಟ್ಟಿದವರು ಗಂಡಸೋ ಹೆಂಗಸೋ ಎಂಬುದರಿಂದ ಅದರ ತೂಕ ಕಡಿಮೆಯಾಗುವುದಿಲ್ಲ. ಹೆಂಗಸರ ಸ್ಪರ್ಶಕ್ಕೂ ಈಗ ನೀವು ಬೆಚ್ಚುವುದಕ್ಕೆ ಇದೇ ಕಾರಣ ಇರಬಹುದು.

ಕೂಗಲಿಲ್ಲ, ತಳ್ಳಲಿಲ್ಲ ಎಂಬುದು ನಿಮ್ಮನ್ನು ಜಾಸ್ತಿ ತಿನ್ನುತ್ತಿರುವ ಹಾಗೆ ಕಾಣುತ್ತದೆ. ವಿಪರೀತ ಭಯದಲ್ಲಿ ಮೈ ಮರಗಟ್ಟುವುದು ಮೆದುಳು ತಾನಾಗಿ ಮಾಡುವ ಕೆಲಸ. ಅಲ್ಲಿ ನಿಮ್ಮ ಇಚ್ಛೆಗೆ ಪಾತ್ರವೇ ಇಲ್ಲ. ಕೈಕಾಲು ಆಡುವುದಿಲ್ಲ, ಗಂಟಲು ಕಟ್ಟುತ್ತದೆ. ಕೆಲವರಿಗೆ ಎಲ್ಲವನ್ನೂ ದೂರದಿಂದ ನೋಡುತ್ತಿರುವ ಹಾಗೆ ಅನ್ನಿಸುತ್ತದೆ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರದ ನಂತರ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಹೆಂಗಸರನ್ನು ಕೇಳಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 70ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಹೀಗೆ ಮೈ ಮರಗಟ್ಟಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಕಂಡಿತು. ಹೀಗೆ ಮರಗಟ್ಟಿದವರಲ್ಲಿ ಆರು ತಿಂಗಳ ನಂತರ ಆಘಾತದ ಲಕ್ಷಣಗಳು ಮತ್ತು ತೀವ್ರ ಖಿನ್ನತೆ ಹೆಚ್ಚಾಗಿದ್ದವು. ‘ನಾನೇಕೆ ಏನೂ ಮಾಡಲಿಲ್ಲ’ ಎಂಬ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ನವೆಯುವವರನ್ನು ನಾನು ಚಿಕಿತ್ಸೆಯಲ್ಲಿ ಮೇಲಿಂದ ಮೇಲೆ ನೋಡುತ್ತೇನೆ. ನೀವು ಬರೆದಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದನ್ನು ಕೇಳಲು ಎಲ್ಲರೂ ನಾಚುತ್ತಾರೆ: ಆ ಹೊತ್ತಿನಲ್ಲಿ ದೇಹ ಸ್ಪರ್ಶಕ್ಕೆ ಸ್ಪಂದಿಸಿದ್ದರೂ ಅದು ನರಗಳ ಪ್ರತಿಕ್ರಿಯೆ ಮಾತ್ರ. ಇಷ್ಟವಿತ್ತು ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಇನ್ನು ‘ನಾನೇ ಹೇಳಿಕೊಂಡಿದ್ದಕ್ಕೆ ಹೀಗಾಯಿತೇ’ ಎಂಬ ಪ್ರಶ್ನೆ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಯಾಕೆಂದರೆ ಇಲ್ಲಿ ಒಂದು ನಿಜವೂ ಇದೆ, ಅದಕ್ಕೆ ಅಂಟಿಕೊಂಡ ಒಂದು ಸುಳ್ಳೂ ಇದೆ.

ನಿಜ ಏನೆಂದರೆ, ಬೈಸೆಕ್ಶುಯಲ್ ಜನರ ಮೇಲೆ ಲೈಂಗಿಕ ಹಿಂಸೆ ಹೆಚ್ಚು ನಡೆಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ ದೊಡ್ಡ ಸಮೀಕ್ಷೆ ನಡೆಸಿ, ಆಕರ್ಷಣೆಯ ಆಧಾರದ ಮೇಲೆ ಬಿಡಿಸಿದ ಅಂಕಿಗಳನ್ನು 2013ರಲ್ಲಿ ಪ್ರಕಟಿಸಿತು. ಬದುಕಿನಲ್ಲಿ ಒಮ್ಮೆಯಾದರೂ ಅತ್ಯಾಚಾರಕ್ಕೆ ಒಳಗಾದವರು ಬೈಸೆಕ್ಶುಯಲ್ ಹೆಂಗಸರಲ್ಲಿ ಶೇ 46. ಗಂಡಸರತ್ತ ಮಾತ್ರ ಆಕರ್ಷಿತರಾಗುವ ಹೆಂಗಸರಲ್ಲಿ ಶೇ 17, ಲೆಸ್ಬಿಯನ್ ಹೆಂಗಸರಲ್ಲಿ ಶೇ 13. ಸಂಗಾತಿಯಿಂದಲೇ ಅತ್ಯಾಚಾರ, ಹೊಡೆತ ಅಥವಾ ಹಿಂಬಾಲಿಸಿ ಕಾಡುವುದು, ಇವುಗಳಲ್ಲಿ ಒಂದನ್ನಾದರೂ ಅನುಭವಿಸಿದವರು ಬೈಸೆಕ್ಶುಯಲ್ ಹೆಂಗಸರಲ್ಲಿ ಶೇ 61. ಗಂಡಸರ ಕಥೆಯೂ ಹೀಗೇ ಇದೆ. ಅತ್ಯಾಚಾರ ಬಿಟ್ಟು ಉಳಿದ ಬಗೆಯ ಲೈಂಗಿಕ ಹಿಂಸೆ ಅನುಭವಿಸಿದವರು ಬೈಸೆಕ್ಶುಯಲ್ ಗಂಡಸರಲ್ಲಿ ಶೇ 47, ಹೆಂಗಸರತ್ತ ಮಾತ್ರ ಆಕರ್ಷಿತರಾಗುವವರಲ್ಲಿ ಶೇ 21.

ಈ ಅಂಕಿ ನೋಡಿ ‘ಇವರ ನಡತೆಯೇ ಹಾಗೆ, ಅದಕ್ಕೇ ಹೀಗಾಗುತ್ತದೆ’ ಎನ್ನುವುದು ಸುಳ್ಳು. ಹಿಂಸೆ ಮಾಡುವವರು ಯಾರನ್ನು, ಯಾವ ನೆಪದಲ್ಲಿ ಹಿಡಿಯುತ್ತಾರೆ ಎಂದು ನೋಡಬೇಕು. ಇಬ್ಬರ ಮೇಲೂ ಆಕರ್ಷಣೆ ಇರುವವರಿಗೆ ಸದಾ ಕಾಮದ ಹಸಿವು, ಯಾರಾದರೂ ಸರಿ, ಎಷ್ಟು ಜನರಾದರೂ ಸರಿ ಎಂಬ ನಂಬಿಕೆ ಬಹಳ ಹಳೆಯದು. ಅಶ್ಲೀಲ ಚಿತ್ರಗಳು ಅದನ್ನು ಇನ್ನೂ ಬೆಳೆಸಿವೆ. ನಿಮ್ಮ ಹಿಂದಿನ ಸಂಗಾತಿಯ ಮಾತು ನೇರವಾಗಿ ಅಲ್ಲಿಂದ ಬಂದದ್ದು. ಬೈಸೆಕ್ಶುಯಲ್ ಜನರ ಬಗ್ಗೆ ಇರುವ ಇಂಥ ಪೂರ್ವಗ್ರಹ, ಅಸಹ್ಯ, ಅಪನಂಬಿಕೆಗೆ ಬೈಫೋಬಿಯಾ ಎನ್ನುತ್ತಾರೆ. ಎದುರಿಗೇ ಬೈಯುವುದು ಅದರ ಒಂದು ರೂಪವಷ್ಟೇ. ‘ನಿನಗೇನು ತೊಂದರೆ’ ಎಂದು ನಗುತ್ತಾ ಕೇಳುವುದೂ ಅದೇ.

ಇದೇ ನಂಬಿಕೆ ಇನ್ನೊಂದು ಮುಖದಲ್ಲೂ ಬರುತ್ತದೆ. ‘ಗಂಡಸರ ಜೊತೆ ಮಾತಾಡಿದರೂ ಅನುಮಾನ, ಹೆಂಗಸರ ಜೊತೆ ಮಾತಾಡಿದರೂ ಅನುಮಾನ’ ಎಂದು ಅಳುವವರನ್ನು ನಾನು ತುಂಬ ಕಂಡಿದ್ದೇನೆ. ಸಂಗಾತಿ ಫೋನ್ ತಡಕುತ್ತಾನೆ ಅಥವಾ ತಡಕುತ್ತಾಳೆ, ಸ್ನೇಹಿತರನ್ನು ಒಬ್ಬೊಬ್ಬರನ್ನಾಗಿ ಬಿಡಿಸುತ್ತಾರೆ. ‘ನನ್ನನ್ನು ಬಿಟ್ಟು ಹೋದರೆ ನಿಮ್ಮ ಮನೆಗೆ ಹೇಳುತ್ತೇನೆ’ ಎಂಬ ಬೆದರಿಕೆಯೂ ಜೊತೆಗಿರುತ್ತದೆ. ಗುಟ್ಟು ಕಾಪಾಡಿಕೊಳ್ಳಬೇಕಾದವರು ಜೋರಾಗಿ ದೂರಲಾರರು. ಹಿಂಸೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ನೀವು ನಂಬಿ ನಿಮ್ಮ ಬಗ್ಗೆ ಒಂದು ಸತ್ಯ ಹೇಳಿದಿರಿ. ಹತ್ತಿರದವರಿಗೆ ಜನ ಮಾಡುವುದೇ ಅದು. ಆ ಮಾತನ್ನು ಹಿಡಿದು ನಿಮ್ಮ ಮೇಲೆ ಒತ್ತಡ ಹೇರಿದ್ದು ಅವನ ಆಯ್ಕೆ. ನಿಮ್ಮ ಆಕರ್ಷಣೆ ಯಾರತ್ತ ಎಂಬುದು ಒಂದು ವಿಷಯ. ಇವತ್ತು, ಈ ವ್ಯಕ್ತಿಯ ಜೊತೆ, ಈ ಕೆಲಸಕ್ಕೆ ಒಪ್ಪಿದ್ದೀರಾ ಎಂಬುದು ಬೇರೆಯೇ ವಿಷಯ. ಗಂಡಸರತ್ತ ಮಾತ್ರ ಆಕರ್ಷಣೆ ಇರುವ ಹೆಂಗಸು ಎದುರಿಗೆ ಬಂದ ಎಲ್ಲ ಗಂಡಸರಿಗೂ ಒಪ್ಪಿದ್ದಾಳೆ ಎಂದು ಯಾರೂ ವಾದಿಸುವುದಿಲ್ಲ ತಾನೆ?

‘ನಾನು ನಿಜವಾಗಿ ಬೈಸೆಕ್ಶುಯಲ್ಲೇ’ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲೇ ಉತ್ತರದ ಒಂದು ಭಾಗ ಇದೆ. ಹದಿನೇಳಕ್ಕೆ ತಿಳಿದದ್ದು, ಇಪ್ಪತ್ತಾರಕ್ಕೆ ನಡೆದ ಹಿಂಸೆಯಿಂದ ಹುಟ್ಟಲು ಹೇಗೆ ಸಾಧ್ಯ? ಬಾಲ್ಯದಲ್ಲಿ ಏನಾದರೂ ಆಗಿದ್ದರಿಂದ ಹೀಗಾಗಿದೆ ಎಂಬ ಊಹೆಗೂ ಗಟ್ಟಿ ಆಧಾರವಿಲ್ಲ. ಲೈಂಗಿಕ ಹಿಂಸೆ ಕಂಡವರಲ್ಲಿ ಬಹುಪಾಲು ಜನ ವಿರುದ್ಧ ಲಿಂಗದವರತ್ತಲೇ ಆಕರ್ಷಿತರಾಗುವವರು. ಅವರ ಆಕರ್ಷಣೆ ಹಿಂಸೆಯಿಂದ ಬಂತು ಎಂದು ಯಾವ ಕೌನ್ಸೆಲರೂ ಹುಡುಕಲು ಹೋಗುವುದಿಲ್ಲ. ಇದು ಬರೀ ಗೊಂದಲ, ದಾಟಿ ಹೋಗುವ ಹಂತ ಎಂಬ ಮಾತೂ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ ಲೆಸ್ಬಿಯನ್, ಬೈಸೆಕ್ಶುಯಲ್ ಹಾಗೂ ಯಾವ ಹೆಸರನ್ನೂ ಇಟ್ಟುಕೊಳ್ಳದ 79 ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಹತ್ತು ವರ್ಷದಲ್ಲಿ ‘ಬೈಸೆಕ್ಶುಯಲ್’ ಅಥವಾ ‘ಹೆಸರು ಬೇಡ’ ಎಂಬ ಗುಂಪನ್ನು ಬಿಟ್ಟವರಿಗಿಂತ ಅದಕ್ಕೆ ಸೇರಿದವರೇ ಹೆಚ್ಚು.

ಹಾಗಾದರೆ ಈಗ ಯಾರ ಹತ್ತಿರವೂ ಇರಲು ಆಗುತ್ತಿಲ್ಲವಲ್ಲ, ಅದೇನು? ಅದು ಆಘಾತದ ಲಕ್ಷಣ. ಅಪಾಯವನ್ನು ನೆನಪಿಸುವ ಯಾವುದನ್ನು ಕಂಡರೂ ಮೈ ಎಚ್ಚರವಾಗುತ್ತದೆ, ದೂರ ಓಡುತ್ತದೆ. ನಿಮ್ಮ ಮೇಲೆ ಗಂಡಸೂ ಹೆಂಗಸೂ ಸೇರಿ ಹಿಂಸೆ ಮಾಡಿದ್ದಾರೆ, ಹಾಗಾಗಿ ಮೈ ಇಬ್ಬರಿಗೂ ಹೆದರುತ್ತಿದೆ. ಚಿಕಿತ್ಸೆಯಿಂದ ಈ ಹೆದರಿಕೆ ಇಳಿಯುತ್ತದೆ. ಇಳಿದ ಮೇಲೆ ಆಕರ್ಷಣೆ ಮೊದಲಿನಂತೆಯೇ ಇರಬಹುದು, ಒಂದು ಕಡೆಗೆ ಜಾಸ್ತಿ ವಾಲಬಹುದು, ಕೆಲಕಾಲ ಏನೂ ಬೇಡ ಅನ್ನಿಸಬಹುದು. ಯಾವುದಾದರೂ ಸರಿಯೇ. ಇದನ್ನು ಇವತ್ತೇ ತೀರ್ಮಾನಿಸಿ ಯಾರಿಗೂ ಒಪ್ಪಿಸಬೇಕಿಲ್ಲ. ಪರೀಕ್ಷೆ ಮಾಡಿ ನೋಡೋಣ ಎಂದು ಇಷ್ಟವಿಲ್ಲದ ಸಂಬಂಧಕ್ಕೆ ಇಳಿಯಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಹಾಗೆ ಮಾಡಿ ಮತ್ತಷ್ಟು ಮುದುಡಿದವರನ್ನು ನೋಡಿದ್ದೇನೆ.

ನಿಮಗೆ ನೆರವಾಗಬೇಕಿದ್ದವರ ಬಗ್ಗೆ ಹೇಳಲೇಬೇಕು. ಕೌನ್ಸೆಲರ್ ನಿಮ್ಮ ಆಕರ್ಷಣೆಯನ್ನೇ ರೋಗ ಮಾಡಿಕೊಂಡು ಕೂತರು, ಹಿಂಸೆಯನ್ನು ಬದಿಗಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಲು ಒಪ್ಪಿತು. ಲೈಂಗಿಕ ಒಲವು ತಾನಾಗಿ ಕಾಯಿಲೆ ಅಲ್ಲ ಎಂದು ಆಗಲೇ ಸ್ಪಷ್ಟಪಡಿಸಿತು, ಅದರಲ್ಲಿ ಬೈಸೆಕ್ಶುಯಲ್ ಒಲವೂ ಸೇರಿತ್ತು. ಒಬ್ಬ ಕೌನ್ಸೆಲರ್ ನಿಮ್ಮ ಆಕರ್ಷಣೆಯ ಬಗ್ಗೆ ಕೇಳುವುದೇ ತಪ್ಪಲ್ಲ. ‘ಅವನು ಇದನ್ನು ನಿಮ್ಮ ವಿರುದ್ಧ ಹೇಗೆ ಬಳಸಿದ?’ ಎಂದು ಕೇಳಿದ್ದರೆ ಅದು ಬಹಳ ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ‘ಈ ಗೊಂದಲ ಯಾವಾಗ ಶುರುವಾಯಿತು’ ಎಂಬುದು ನಿಮ್ಮನ್ನೇ ಕಟಕಟೆಗೆ ಎಳೆದ ಪ್ರಶ್ನೆ.

ಗೆಳತಿಯರ ಮಾತು ಇನ್ನೂ ಹೆಚ್ಚು ನೋಯಿಸಿರಬೇಕು, ಅಲ್ವಾ? ಅಲ್ಲಾದರೂ ಅರ್ಥವಾಗುತ್ತದೆ ಎಂದುಕೊಂಡಿದ್ದಿರಿ. ಬೈಸೆಕ್ಶುಯಲ್ ಜನರಿಗೆ ಎರಡೂ ಕಡೆ ಜಾಗ ಇಲ್ಲದ ಹಾಗಾಗುವುದು ಇಲ್ಲೇ. ಒಂದು ಕಡೆ ‘ನೀನು ನಮ್ಮಂತೆ ಅಲ್ಲ’, ಇನ್ನೊಂದು ಕಡೆ ‘ನೀನು ಪೂರ್ತಿ ನಮ್ಮವಳಲ್ಲ’. ಹಿಂಸೆಯನ್ನು ಮೊದಲ ಸಲ ಹೇಳಿಕೊಂಡಾಗ ಕೇಳಿದವರು ದೂಷಿಸಿದರೆ ಅಥವಾ ನಂಬದಿದ್ದರೆ ಆಘಾತದ ಲಕ್ಷಣಗಳು ಹೆಚ್ಚುತ್ತವೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೀವು ಎರಡು ಸಲ ಹೇಳಿದಿರಿ, ಎರಡು ಸಲವೂ ಬಾಗಿಲು ಮುಚ್ಚಿತು. ನೀವು ಇಷ್ಟು ಕುಗ್ಗಿರುವುದಕ್ಕೆ ಆ ರಾತ್ರಿಯ ಜೊತೆ ಇದೂ ಕಾರಣ.

ಮುಂದೇನು ಮಾಡಬಹುದು? ಮೊದಲನೆಯದು ಚಿಕಿತ್ಸೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಲೈಂಗಿಕ ಹಿಂಸೆಯ ಆಘಾತಕ್ಕೆ ಕೆಲಸ ಮಾಡುವ ಚಿಕಿತ್ಸೆಗಳಿವೆ. ಆಘಾತವನ್ನೇ ಗುರಿಯಾಗಿಟ್ಟ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪನ್ನು ಹಗುರ ಮಾಡುವ ವಿಧಾನ), ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಮೊದಲನೆಯ ಬಗೆಯಲ್ಲೇ ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಎಂಬ ವಿಧಾನವಿದೆ. ಮನಶ್ಶಾಸ್ತ್ರಜ್ಞೆ ಪೆಟ್ರೀಶಿಯಾ ರೆಸಿಕ್ ಇದನ್ನು ಅತ್ಯಾಚಾರಕ್ಕೆ ಒಳಗಾದವರಿಗಾಗಿಯೇ ಮೊದಲು ರೂಪಿಸಿದರು. ಸಾಮಾನ್ಯವಾಗಿ 12 ಭೇಟಿಗಳು. ‘ನಾನು ಹೇಳಿಕೊಂಡಿದ್ದಕ್ಕೇ ಹೀಗಾಯಿತು’ ಎಂಬಂಥ, ಮನಸ್ಸು ಕಚ್ಚಿಕೊಂಡು ಕೂತ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದೇ ಅದರ ಕೆಲಸ. ನಿಮಗೆ ಅದು ಹೊಂದಬಹುದು ಎಂದು ನನ್ನ ಅನಿಸಿಕೆ. ಅಪಾಯವೂ ಇದೆ: ಮೊದಲ ಕೆಲವು ವಾರ ಕೆಟ್ಟ ಕನಸು, ಸಿಡುಕು ಹೆಚ್ಚಬಹುದು. ಸಾಯುವ ಯೋಚನೆ ಇರುವುದನ್ನು ಮೊದಲ ದಿನವೇ ಹೇಳಿ, ಅದಕ್ಕೆ ತಕ್ಕಂತೆ ವೇಗ ಇಟ್ಟುಕೊಳ್ಳುತ್ತಾರೆ. ನಿದ್ದೆ, ಖಿನ್ನತೆ ತೀರಾ ಕೆಟ್ಟಿದ್ದರೆ ಮನೋವೈದ್ಯರು ಔಷಧಿ ಕೊಡಬಹುದು. ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನು ಸುಮ್ನೆ ನುಂಗುತ್ತಾ ಹೋಗಬೇಡಿ.

ನೀವು ಬೈಸೆಕ್ಶುಯಲ್ ಎಂದು ಹೊಸ ಕೌನ್ಸೆಲರ್‌ಗೆ ಹೇಳಬೇಕೇ ಎಂದಿರಿ. ಮುಚ್ಚಿಟ್ಟೂ ಚಿಕಿತ್ಸೆ ಪಡೆಯಬಹುದು. ಬೇರೆ ಸಂದರ್ಭದಲ್ಲಾದರೆ ‘ಸದ್ಯಕ್ಕೆ ಬಿಡಿ’ ಎನ್ನುತ್ತಿದ್ದೆ. ಆದರೆ ನಿಮ್ಮ ಮೇಲಿನ ಹಿಂಸೆಗೆ ಇದನ್ನೇ ಆಯುಧ ಮಾಡಿಕೊಂಡಿದ್ದಾರೆ. ಇದನ್ನು ಬಿಟ್ಟರೆ ಕಥೆಯ ನಡುಭಾಗವೇ ಬಿಟ್ಟುಹೋಗುತ್ತದೆ. ಚಿಕಿತ್ಸೆಯ ಹೊತ್ತಿನಲ್ಲೂ ಮಾತು ಅಳೆದು ಆಡುವ ಆಯಾಸ ಬೇರೆ. ಆದ್ದರಿಂದ ಹೇಳಿ, ಆದರೆ ಮೊದಲು ಅವರನ್ನು ಪರೀಕ್ಷಿಸಿ. ಭೇಟಿಗೆ ಮುನ್ನ ಫೋನ್‌ನಲ್ಲೋ ಮೆಸೇಜ್‌ನಲ್ಲೋ ಹೆಸರು ಹೇಳದೆ ಕೇಳಿ: ‘ಲೈಂಗಿಕ ಹಿಂಸೆಗೆ ಒಳಗಾದ ಬೈಸೆಕ್ಶುಯಲ್ ವ್ಯಕ್ತಿಗಳ ಜೊತೆ ಕೆಲಸ ಮಾಡಿದ್ದೀರಾ? ಹಿಂಸೆಗೂ ಆಕರ್ಷಣೆಗೂ ಏನು ಸಂಬಂಧ ಎಂದು ನಿಮ್ಮ ಅಭಿಪ್ರಾಯ?’ ‘ಅನುಭವ ಕಡಿಮೆ, ಆದರೆ ಆಕರ್ಷಣೆಯನ್ನು ಸರಿಪಡಿಸಬೇಕಾದ ವಿಷಯ ಎಂದು ನಾನು ನೋಡುವುದಿಲ್ಲ’ ಎಂದರೂ ಸಾಕು, ಅಂಥವರ ಜೊತೆ ಕೆಲಸ ಮಾಡಬಹುದು. ‘ಅದನ್ನೂ ಸರಿ ಮಾಡೋಣ’ ಎಂದರೆ ಫೋನ್ ಇಟ್ಟುಬಿಡಿ. ಆಕರ್ಷಣೆ ಬದಲಾಯಿಸುತ್ತೇವೆ ಎನ್ನುವ ಚಿಕಿತ್ಸೆ ಕೆಲಸ ಮಾಡುವುದಿಲ್ಲ, ಹಾನಿ ಮಾತ್ರ ಮಾಡುತ್ತದೆ. ನನ್ನ ಕಡತದಲ್ಲಿ ಏನು ಬರೆಯುತ್ತೀರಿ, ಅದನ್ನು ಯಾರು ನೋಡಬಹುದು ಎಂದೂ ಕೇಳಿ. ವಿಮೆ, ಮನೆಯವರು, ಮುಂದೆ ನ್ಯಾಯಾಲಯ, ಇವುಗಳ ಮೂಲಕ ಗುಟ್ಟು ಹೊರಬರುವ ಸಾಧ್ಯತೆ ಇರುತ್ತದೆ.

ಬೆಂಬಲ ಗುಂಪುಗಳ ವಿಷಯದಲ್ಲಿ ಅವಸರ ಬೇಡ. ಹೆಂಗಸರಿಗಾಗಿ ಇರುವ ಗುಂಪಿನಲ್ಲಿ ಹಿಂಸೆ ಮಾಡಿದವರಲ್ಲಿ ಹೆಂಗಸೂ ಇದ್ದಳು ಎಂದು ಹೇಳಲು ಕಷ್ಟವಾಗಬಹುದು. ಲೈಂಗಿಕ ಅಲ್ಪಸಂಖ್ಯಾತರ ಗುಂಪಿನಲ್ಲಿ ಪರಿಚಯದವರೇ ಸಿಗಬಹುದು, ಕೆಲವೊಮ್ಮೆ ಹಿಂಸೆ ಮಾಡಿದವರ ಗೆಳೆಯರೇ ಇರಬಹುದು. ಬೈಸೆಕ್ಶುಯಲ್ ಜನರದ್ದೇ ಆನ್‌ಲೈನ್ ಗುಂಪು ಸಿಕ್ಕರೆ ಬೇರೆ ಹೆಸರಿನಲ್ಲಿ ಸೇರಿ ಕೆಲದಿನ ಓದುತ್ತಾ ಇರಿ. ‘ನನಗೂ ಹೀಗೇ ಹೇಳಿದ್ದರು’ ಎಂಬ ಒಂದು ಸಾಲು ಓದಿದಾಗ ಆಗುವ ಹಗುರ ನಮ್ಮ ಚಿಕಿತ್ಸೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಗೆಳತಿಯರಲ್ಲಿ ಒಬ್ಬಳಾದರೂ ಬೇಕಾದವಳಿದ್ದರೆ, ಅವಳೊಬ್ಬಳಿಗೇ ‘ನೀನು ಅಂದ ಮಾತು ನೋಯಿಸಿತು, ನನಗೆ ಕಾರಣ ಬೇಡ, ಜೊತೆ ಬೇಕು’ ಎಂದು ಹೇಳಿ ನೋಡಿ. ಅದಕ್ಕೂ ವಾದ ಹೂಡಿದರೆ ಸದ್ಯಕ್ಕೆ ದೂರ ಇರಿ.

ಹಿಂಸೆ ನಡೆದು ಕೆಲವೇ ಗಂಟೆ ಅಥವಾ ದಿನಗಳಾಗಿರುವ ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ: ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟು ಒಳ್ಳೆಯದು. ಗರ್ಭ ತಡೆಯುವ ತುರ್ತು ಉಪಾಯಗಳು 5 ದಿನದವರೆಗೆ ಉಪಯೋಗಕ್ಕೆ ಬರುತ್ತವೆ. ಅವಕ್ಕಾಗಿ ವೈದ್ಯರಿಗೆ ನಿಮ್ಮ ಆಕರ್ಷಣೆಯ ಬಗ್ಗೆ ಹೇಳಬೇಕಿಲ್ಲ.

ದೂರು ಕೊಡುವ ಬಗ್ಗೆ ನೀವು ಕೇಳಿಲ್ಲ. ಕೊಡಲೇಬೇಕೆಂದು ನಾನೂ ಹೇಳುವುದಿಲ್ಲ. ಕೆಲವರಿಗೆ ದೂರು ಕೊಟ್ಟ ಮೇಲೆ ಬಲ ಬಂದಿದೆ. ಕೆಲವರಿಗೆ ವಿಚಾರಣೆಯಲ್ಲಿ ತಮ್ಮ ಆಕರ್ಷಣೆಯನ್ನೇ ಎಳೆದು ತಂದದ್ದು ಹೊಸ ಗಾಯವಾಗಿದೆ. ಕಾನೂನು ಎಲ್ಲ ಕಡೆ ಒಂದೇ ಅಲ್ಲ, ಹೆಂಗಸು ಮಾಡಿದ ಹಿಂಸೆಯನ್ನು ಕೆಲವು ಕಾನೂನುಗಳು ಬೇರೆ ಹೆಸರಿನಲ್ಲಿ ನೋಡುತ್ತವೆ. ಆದರೆ ನಿರ್ಧಾರ ಆಗುವವರೆಗೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಅವನು ಪೀಡಿಸಿದ, ನೀವು ಬೇಡ ಎಂದ ಮೆಸೇಜ್‌ಗಳು ಉಳಿದಿದ್ದರೆ ಅಳಿಸಬೇಡಿ. ಇನ್ನೊಂದು ಕಡೆಯೂ ಪ್ರತಿ ಇಡಿ. ಮನೆಗೆ ಹೇಳುತ್ತೇನೆ ಎಂದು ಅವನು ಯಾವಾಗಲಾದರೂ ಬೆದರಿಸಿದರೆ ಅದನ್ನೂ ಉಳಿಸಿಕೊಳ್ಳಿ, ಒಬ್ಬರೇ ಅವನ ಜೊತೆ ಮಾತುಕತೆಗೆ ಹೋಗಬೇಡಿ. ಹಿಂಸೆಗೆ ಒಳಗಾದವರಿಗೆ ನೆರವಾಗುವ ಸಂಸ್ಥೆಯ ವಕೀಲರ ಹತ್ತಿರ ಒಮ್ಮೆ ಮಾತಾಡಿದ ಮಾತ್ರಕ್ಕೆ ದೂರು ಕೊಟ್ಟಂತೆ ಆಗುವುದಿಲ್ಲ. ಮನಸ್ಸು ಗಟ್ಟಿಯಾಗಲು ಎಷ್ಟು ಸಮಯ ಬೇಕೋ ತೆಗೆದುಕೊಳ್ಳಿ. ಆದರೆ ದೂರು ಕೊಡಲು ಕಾನೂನಿನಲ್ಲಿ ಗಡುವು ಇದೆಯೇ ಎಂಬ ಒಂದು ಪ್ರಶ್ನೆಯನ್ನು ಅವರಿಗೆ ಈಗಲೇ ಕೇಳಿಟ್ಟುಕೊಳ್ಳಿ.